ಐದೂವರೆ ಮನೆಯಾಕೆ

ಸತ್ತವರ ಮನೆಯಲ್ಲಿ ಚೌಕಾಸಿ ಮಾಡುವಾಗ ದನಿ ತಗ್ಗಿಸಬೇಕು. ಈ ಬುದ್ಧಿಮಾತನ್ನು ಪುಕ್ಕಟೆ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ. ದುಃಖದಲ್ಲಿರುವವರು ಬೆಲೆಗೆ ಹಟ ಹಿಡಿಯುವುದಿಲ್ಲ. ಆದರೆ ಎದುರಿನವರ ದನಿ ಒಂದಿಷ್ಟು ಏರಿತೋ, ಅದುವರೆಗೆ ಯಾರಾದರೂ ಹೊತ್ತುಕೊಂಡು ಹೋದರೆ ಸಾಕು ಎನ್ನುತ್ತಿದ್ದ ಮುರುಕು ಕುರ್ಚಿಯ ಮೇಲೂ ಅವರಿಗೆ ತಟ್ಟನೆ ಮಮತೆ ಉಕ್ಕಿಬಿಡುತ್ತದೆ.

ಮೊನ್ನೆ ಅಡುಗೆಮನೆಯ ಡ್ರಾಯರಿನಲ್ಲಿ ಜಾಲರಿ ಸೌಟು ತಡಕುತ್ತಿದ್ದಾಗ ಕೈಗೊಂದು ಶ್ರುತಿಕವೆ ಸಿಕ್ಕಿತು. ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ ನೀವೂ ನೋಡಿರುತ್ತೀರಿ, ಎರಡು ಕಾಲಿನ ಉಕ್ಕಿನ ಕಡ್ಡಿ; ಬಡಿದರೆ ಒಂದೇ ಒಂದು ಸ್ವರ ಹೊರಡಿಸುತ್ತದೆ. ಇದರ ಕುತ್ತಿಗೆಯ ಮೇಲೆ 415 ಎಂದು ಕೊರೆದಿದೆ, ಸೆಕೆಂಡಿಗೆ ಅಷ್ಟು ಸಲ ಕಂಪಿಸುತ್ತದೆ ಎಂದು. ಈಚೆಗೆ ಎಳೆಯುವಾಗ ಅದು ಬಾಣಲೆಯ ಅಂಚಿಗೆ ತಾಗಿತು. ತಾಗಿದ್ದೇ ತಡ, ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ ಸಣ್ಣ ದನಿಯೊಂದು ಹೊರಟು, ಬಾಣಲೆಗೆ ಹಬ್ಬಿ, ನನ್ನ ಮೊಣಕೈಯವರೆಗೆ ಹತ್ತಿತು. ನಾನು ಹೆದರುವ ಪೈಕಿ ಅಲ್ಲ. ಆದರೂ ಒಲೆ ಆರಿಸಿ, ನಡುಮನೆಯ ಕಡೆ ಒಮ್ಮೆ ಇಣುಕಿ ನೋಡಿ ಬಂದೆ.

ಡಾಟ್‌ಕಾಂ ಕಾಲದ ಮಾತು. ಆಗ ನಾವು ಸ್ಯಾನ್ ರಮೋನಿನಲ್ಲಿ, ಫ್ರೀವೇಯ ಸದ್ದು ಸಮುದ್ರದ ಮೊರೆತದಂತೆ ಕೇಳುವ ಒಂದು ಬಾಡಿಗೆ ಮನೆಯಲ್ಲಿದ್ದೆವು. ಸುತ್ತಮುತ್ತ ಯಾರೂ ಒಂದೆಡೆ ನಿಲ್ಲುತ್ತಿರಲಿಲ್ಲ. ಶೇರು ಏರಿದವರು ದೊಡ್ಡ ಮನೆಗೆ ಹೋಗುತ್ತಿದ್ದರು, ಬಾಡಿಗೆ ಏರಿದವರು ಮಾರ್ಗನ್ ಹಿಲ್‌ನಂಥ ದೂರದ ಊರಿಗೆ. ಹೋಗುವ ಮುಂಚೆ ಎಲ್ಲರೂ ಮನೆಯ ಸಾಮಾನನ್ನು ಹೊರಗೆ ಹರಡುತ್ತಿದ್ದರು. ನಮ್ಮವರು ಆಫೀಸಿನ ಸ್ಟಾಕಿನ ಕನಸು ಕಾಣುತ್ತ ಕೂತಿದ್ದಾಗ ನಾನು ಶನಿವಾರದ ಗರಾಜ್ ಸೇಲುಗಳಲ್ಲಿ ಒಂದು ಸಂಸಾರವನ್ನೇ ಕೂಡಿಸಿದೆ. ಅದು ಮಂಡ್ಯದ ಸಂತೆಯಲ್ಲಿ ಅಜ್ಜಿಯ ಸೆರಗು ಹಿಡಿದು ಕಲಿತ ವಿದ್ಯೆ. ಬೇಕಾದ ಸಾಮಾನನ್ನು ನೋಡಲೇಬಾರದು, ಅದರ ಪಕ್ಕದ್ದನ್ನು ನೋಡಬೇಕು. ಬದನೆಕಾಯಿ ಬೇಕಾಗಿದ್ದರೆ ಕುಂಬಳಕಾಯಿಯನ್ನು ತಟ್ಟಬೇಕು.

ಅಂಥ ಒಂದು ಶನಿವಾರ ನನಗೆ ಬೇಕಾಗಿದ್ದದ್ದು ಊಟದ ಮೇಜು. ಹಾಗಾಗಿ ಅದರ ಪಕ್ಕದಲ್ಲಿ ತೆಳ್ಳನೆಯ ಕಾಲುಗಳ ಮೇಲೆ ನಿಂತಿದ್ದ, ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಚೂಪಾಗಿದ್ದ ಉದ್ದನೆಯ ಪೆಟ್ಟಿಗೆಯನ್ನು ದಿಟ್ಟಿಸುತ್ತ ನಿಂತೆ. ನೋಡಲು ಶವಪೆಟ್ಟಿಗೆಯ ತಂಗಿಯಂತಿತ್ತು. ಮುಚ್ಚಳ ಎತ್ತಿದರೆ ಪಿಯಾನೊದಂಥ, ಬೆರಳಿನಿಂದ ಒತ್ತುವ ಮನೆಗಳು, ಆದರೆ ಬಿಳಿ ಇರಬೇಕಾದಲ್ಲಿ ಕಪ್ಪು, ಕಪ್ಪು ಇರಬೇಕಾದಲ್ಲಿ ಬಿಳಿ.

ಮನೆಯ ಯಜಮಾನ ವಾಲ್ಟರ್ ಎಂಬ ವಯಸ್ಸಾದ ಮನುಷ್ಯ. ಸ್ವೆಟರಿನ ಗುಂಡಿಯನ್ನು ತಪ್ಪು ಕಾಜಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಬಣ್ಣ ತಿರುಗುಮುರುಗಾಗಿದೆಯಲ್ಲ,” ಎಂದೆ. “ಎಷ್ಟು ಜೋರಾಗಿ ಒತ್ತಿದರೂ ಒಂದೇ ಸದ್ದು. ಕೆಟ್ಟಿದೆ ಅಂತ ಕಾಣುತ್ತೆ.”

“ಪಿಯಾನೊ ಅಲ್ಲ ಮೇಡಂ, ಹಾರ್ಪ್ಸಿಕಾರ್ಡ್. ಪಿಯಾನೊ ತಂತಿಯನ್ನು ಬಡಿಯುತ್ತೆ, ಇದು ಮೀಟುತ್ತೆ. ಇನ್ನೂರು ಮುನ್ನೂರು ವರ್ಷದ ಹಿಂದಿನ ಸಂಗೀತಕ್ಕೆ ಅಂತ ಮಾಡಿದ್ದು. ನನ್ನ ಹೆಂಡತಿ ಐರೀನ್ ಇದನ್ನು ಬಿಟ್ಟು ಬೇರೇನೂ ನುಡಿಸಲ್ಲ.”

ನಾನು ಇನ್ನೂ ನಾಲ್ಕು ದೋಷ ಎತ್ತಿ ಆಡಿದೆ, ಅದೃಷ್ಟಕ್ಕೆ ದನಿ ತಗ್ಗಿಸಿಯೇ. ಕೊನೆಗೆ ಅವರು ಸಾಕಾಗಿ, ಮೇಜು ಕೊಂಡರೆ ಪೆಟ್ಟಿಗೆಯನ್ನು ಹಾಗೇ ಒಯ್ಯಿರಿ ಎಂದರು. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವುದು ನಮ್ಮ ವಂಶದಲ್ಲಿಲ್ಲ.

“ಒಂದೇ ಷರತ್ತು,” ಎಂದರು ವಾಲ್ಟರ್. “ಇದರ ಶ್ರುತಿ ಏರಿಸಬೇಡಿ. ಈಗಿನ ಪಿಯಾನೊಗಿಂತ ಅರ್ಧ ಸ್ವರ ಕೆಳಗಿದೆ, ಹಾಗೇ ಇರಲಿ. ಏರಿಸಿದರೆ ಐರೀನ್‌ಗೆ ಆಗಲ್ಲ.”

“ಎಲ್ಲಿದ್ದಾರೆ ಅವರು? ಒಂದು ಮಾತು ಕೇಳಿಬಿಡೋಣ.”

“ಚಳಿಗಾಲದಲ್ಲಿ ತೀರಿಕೊಂಡಳು,” ಎಂದರು ಆ ಮನುಷ್ಯ, ದನಿ ಸ್ವಲ್ಪವೂ ಬದಲಾಗದೆ. ಆಮೇಲೆ ಮೇಜಿನ ಕಾಲು ಹಿಡಿಯಲು ಬಂದರು.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಏಕೆಂದರೆ ಆಗ ಹಾಸನದಿಂದ ನಮ್ಮತ್ತೆ ಬಂದಿದ್ದರು. ಸತ್ತವರ ಮನೆಯ ಸೂಜಿಯನ್ನೂ ಒಳಗೆ ಬಿಟ್ಟುಕೊಳ್ಳದ ಹೆಂಗಸು. “ಗರಾಜ್ ಸೇಲು ಅತ್ತೆ, ಮನೆ ಖಾಲಿ ಮಾಡ್ತಿದ್ರು” ಎಂದೆ. ಸುಳ್ಳೇನಲ್ಲ.

ನಮ್ಮತ್ತೆ ಪದ್ಮಾವತಮ್ಮ ಹಾಡುವವರು. ನಮ್ಮಲ್ಲಿ ಹಾಡುವವರ ಶ್ರುತಿಯನ್ನು ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುತ್ತಾರಲ್ಲ, ಒಂದು ಮನೆ, ಐದೂವರೆ ಮನೆ ಎಂದು, ಅತ್ತೆಯದು ಆರು ಮನೆ. ಆರಕ್ಕೆ ನಿಂತು ಮೇಲಿನ ಪಂಚಮ ಮುಟ್ಟಿ ಬರುತ್ತಿದ್ದರು. ಅವರ ಹತ್ತಿರ ಪಾಠಕ್ಕೆ ಬರುತ್ತಿದ್ದ ಹುಡುಗಿಯರು ಅವರನ್ನು ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ, ‘ಆರು ಮನೆ ಟೀಚರ್’ ಎನ್ನುತ್ತಿದ್ದರು. ಹಿಂದಿನ ವರ್ಷ ಗಂಟಲಿನಲ್ಲಿ ಗಂಟಾಗಿ ಆಪರೇಷನ್ ಆಯಿತು. ಗಂಟು ಹೋಯಿತು, ಆರು ಮನೆಯೂ ಅದರ ಜೊತೆಗೆ ಹೋಯಿತು. ಆರಕ್ಕೆ ದನಿ ಎತ್ತಿದರೆ ಹರಿದ ಬಟ್ಟೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಅವರು ಬಾಯಿ ತೆರೆಯಲಿಲ್ಲ. ಪಾಠ ನಿಂತಿತು. ಮೊಮ್ಮಗಳು ಮೇಘಾಗೆ ಜೋಗುಳವೂ ಇಲ್ಲ.

ಆದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಮಾತ್ರ ಸೂಟ್‌ಕೇಸಿನಲ್ಲಿ ಸೀರೆಯ ನಡುವೆ ಸುತ್ತಿಕೊಂಡು ತಂದಿದ್ದರು. ಬೆಳಗ್ಗೆ ಸ್ನಾನ ಮಾಡಿ, ಅದನ್ನು ಆರಕ್ಕೆ ಇಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಪೆಟ್ಟಿಗೆ ‘ಸ ಪ ಸ’ ಎಂದು ಮೊರೆಯುತ್ತಿತ್ತು. ಅತ್ತೆ ಕೈಯಲ್ಲಿ ತಾಳ ಹಾಕುತ್ತಿದ್ದರು. ತುಟಿ ಮುಚ್ಚಿಯೇ ಇರುತ್ತಿತ್ತು. ಒಂದು ಕೃತಿ ಮುಗಿಯುವಷ್ಟು ಹೊತ್ತು ಹಾಗೆ ಕೂತು, ಪೆಟ್ಟಿಗೆ ಆರಿಸಿ ಏಳುತ್ತಿದ್ದರು. ಯಾರೂ ಹಾಡದ ಆ ಕಚೇರಿಯನ್ನು ಅಡುಗೆಮನೆಯಿಂದ ನೋಡುವಾಗ ನನ್ನ ಬೆನ್ನು ತಣ್ಣಗಾಗುತ್ತಿತ್ತು.

“ಅತ್ತೆ, ಶ್ರುತಿ ಅರ್ಧ ಇಳಿಸಿ ನೋಡಬಾರದಾ?” ಎಂದು ಒಮ್ಮೆ ಅಂದೆ.

“ಇವತ್ತು ಅರ್ಧ ಇಳಿಸಿ ಅಂತೀಯ, ನಾಳೆ ಇನ್ನರ್ಧ. ಬದನೆಕಾಯಿ ಅಲ್ಲ ಕಣೇ ಇದು, ನೀನು ಕೇಳಿದಷ್ಟಕ್ಕೆ ಇಳಿಸೋಕೆ. ಊರಿಗೆ ಹೋದ ಮೇಲೆ ಮಕ್ಕಳನ್ನೆಲ್ಲ ಬೇರೆ ಟೀಚರ ಹತ್ರ ಕಳಿಸಿಬಿಡ್ತೀನಿ. ಮುಗೀತು.”

ನನಗೆ ಚೌಕಾಸಿಯಲ್ಲಿ ಸೋಲು ಗೊತ್ತಿಲ್ಲ. ಆದರೆ ‘ಮುಗೀತು’ ಎಂದು ಹೇಳಿದವರ ಹತ್ತಿರ ಚೌಕಾಸಿ ನಡೆಯುವುದಿಲ್ಲ.

ಹಾರ್ಪ್ಸಿಕಾರ್ಡ್ ನಡುಮನೆಗೆ ಬಂದ ಸ್ವಲ್ಪ ದಿನಕ್ಕೆ ಅದು ಶುರುವಾಯಿತು. ಅತ್ತೆ ಎಂದಿನಂತೆ ಕೂತು, ಪೆಟ್ಟಿಗೆ ಆರಿಸಿದರು. ಮನೆ ನಿಶ್ಶಬ್ದವಾಗಬೇಕಿತ್ತು. ಆಗಲಿಲ್ಲ. ಎಲ್ಲಿಂದಲೋ ಒಂದು ಗುನುಗು, ಶ್ರುತಿಪೆಟ್ಟಿಗೆಗಿಂತ ಕೊಂಚ ಕೆಳಗೆ, ತೆಳ್ಳಗೆ, ಹೆಂಗಸಿನ ಮೂಗಿನ ದನಿಯಂತೆ. ನಾನು ಬಂದು ನಿಂತ ತಕ್ಷಣ ಕರಗಿತು.

“ನೀವಾ ಅತ್ತೆ?”

“ನಾನ್ಯಾಕೆ? ನಿನ್ನ ಸಾಮಾನೇ ಏನೋ ಅಂತಿದೆ, ನೋಡು.”

ಫ್ರಿಜ್ಜಿನ ಪ್ಲಗ್ಗು ಕಿತ್ತೆ. ಕಂಪ್ಯೂಟರಿನ ಮೋಡೆಮ್ ಆರಿಸಿದೆ. ಕಿಟಕಿ ಮುಚ್ಚಿ ಫ್ರೀವೇಯನ್ನು ಹೊರಗಿಟ್ಟೆ. ಆದರೂ ಮಾರನೆಯ ದಿನ ಬಂತು. ಹಾರ್ಪ್ಸಿಕಾರ್ಡಿನ ಮೇಲೆ ಕೈಯಿಟ್ಟರೆ ಮರದೊಳಗೆ ಒಂದು ಎಳೆ ನಡುಗುತ್ತಿತ್ತು, ಮಲಗಿದ ಬೆಕ್ಕಿನ ಹೊಟ್ಟೆಯ ಹಾಗೆ.

ಇದರಲ್ಲಿ ಹೊಸದೇನಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಿಕ್ಕವಳಿದ್ದಾಗ ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯೂ ಹೀಗೇ ಮಾಡುತ್ತಿತ್ತು. ಬೇರೆ ಏನು ಕೂಗಿದರೂ ಸುಮ್ಮನಿರುತ್ತಿತ್ತು. ಒಂದು ಸ್ವರಕ್ಕೆ ಮಾತ್ರ ‘ಊಂ’ ಎಂದು ಓಗೊಡುತ್ತಿತ್ತು. ಒಳಗೆ ಒಬ್ಬ ಅಜ್ಜಿ ಇದ್ದಾಳೆ, ಅವಳ ಹೆಸರು ಹೇಳಿದರಷ್ಟೇ ಉತ್ತರಿಸುತ್ತಾಳೆ ಎಂದು ನನ್ನ ಅಕ್ಕ ಹೇಳಿದ್ದಳು. ಆ ಮೇಲೆ ನಾನು ಬಹಳ ಕಾಲ ಬಾಯಿ ಬಿಗಿದುಕೊಂಡೇ ಸ್ನಾನ ಮಾಡಿದೆ. ಬಿಸಿನೀರು ಸುರಿದುಕೊಳ್ಳುವಾಗ ‘ಹಾ’ ಎಂದರೆ ಅದೇ ಅವಳ ಹೆಸರಾಗಿಬಿಟ್ಟರೆ?

ಎರಡು ಶ್ರುತಿ ಒಂದು ಮನೆಯಲ್ಲಿದ್ದರೆ ಇಬ್ಬರು ಓರಗಿತ್ತಿಯರಿದ್ದ ಹಾಗೆ, ಜಗಳ ಖಂಡಿತ ಎಂದುಕೊಂಡೆ. ಹಾರ್ಪ್ಸಿಕಾರ್ಡನ್ನು ಅರ್ಧ ಏರಿಸಿ ಅತ್ತೆಯ ಆರಕ್ಕೆ ತಂದುಬಿಟ್ಟರೆ ಗುನುಗೂ ನಿಲ್ಲುತ್ತದೆ. ವಾಲ್ಟರ್ ಹಾಕಿದ ಷರತ್ತು? ಷರತ್ತು ಕೊಟ್ಟವರದ್ದು, ಸಾಮಾನು ಕೊಂಡವರದ್ದು. ಎಮರಿವಿಲ್‌ನಿಂದ ಕ್ಯಾರೊಲ್ ಎಂಬ ಶ್ರುತಿ ಮಾಡುವಾಕೆಯನ್ನು ಕರೆಸಿದೆ. ಕೂಲಿಯ ಸ್ವಲ್ಪ ಭಾಗಕ್ಕೆ ಮನೆಯ ಚಕ್ಕುಲಿಯನ್ನು ಒಪ್ಪಿಸಿದೆನೆಂಬುದನ್ನು ನಿಮಗೆ ಹೇಳದೆ ಇರಲಾರೆ.

ಕ್ಯಾರೊಲ್ ಒಳಗೆ ಬಗ್ಗಿ ನೋಡಿ ತಲೆಯಾಡಿಸಿದಳು. “ತಂತಿ ಬಿಗಿದು ಏರಿಸಿದರೆ ಕಿತ್ತುಹೋಗುತ್ತೆ. ಆದರೆ ಬೇರೆ ದಾರಿ ಇದೆ.” ಮನೆಗಳ ಸಾಲಿನ ತುದಿಯಲ್ಲಿದ್ದ ಒಂದು ಮರದ ತುಂಡನ್ನು ತೆಗೆದಳು. ಇಡೀ ಸಾಲನ್ನು ಒಂದು ಮನೆಯಷ್ಟು ಪಕ್ಕಕ್ಕೆ ಸರಿಸಿದಳು, ತುಂಡನ್ನು ಇನ್ನೊಂದು ತುದಿಗೆ ಸಿಕ್ಕಿಸಿದಳು. ಈಗ ಅದೇ ಮನೆ ಒತ್ತಿದರೆ ಪಕ್ಕದ ತಂತಿ ನುಡಿಯುತ್ತಿತ್ತು. ಶ್ರುತಿಪೆಟ್ಟಿಗೆಯ ಆರಕ್ಕೆ ಹಾರ್ಪ್ಸಿಕಾರ್ಡಿನ ಆರು ಸರಿಯಾಗಿ ಕೂತಿತು.

ಬಾಗಿಲಲ್ಲಿ ನಿಂತಿದ್ದ ಅತ್ತೆ, “ಕೇಳೇ ಅವಳನ್ನ,” ಎಂದರು. “ಅವರ ಹಳೇಕಾಲದವರ ನಿಜವಾದ ಆರು ಯಾವುದಂತೆ?”

ನಾನು ಕೇಳಿದೆ. ಕ್ಯಾರೊಲ್ ನಕ್ಕಳು. “ಯಾವ ಊರಿನವರು ಅಂತ ಹೇಳಿ, ಆಮೇಲೆ ಹೇಳ್ತೀನಿ. ಒಂದು ಊರಿನ ಚರ್ಚಿನ ಆರ್ಗನ್ನು ಮೇಲಿತ್ತು, ಪಕ್ಕದೂರಿನದು ಕೆಳಗೆ. ಫ್ರಾನ್ಸಿನವರದು ಇನ್ನೂ ಕೆಳಗೆ. ಕೊಳಲಿನವರು ಊರೂರು ತಿರುಗುವಾಗ ಕೊಳಲಿನ ನಡುವಿನ ತುಂಡನ್ನೇ ಬದಲಾಯಿಸಿಕೊಳ್ತಿದ್ದರು.”

“ಹಾಗಾದರೆ ಈ 415?” ಎಂದೆ, ಆಕೆಯ ಕೈಯಲ್ಲಿದ್ದ ಶ್ರುತಿಕವೆಯನ್ನು ತೋರಿಸಿ.

“ಅದು ಈಗಿನ ನಾವು ಮಾಡಿಕೊಂಡ ಒಪ್ಪಂದ. ಎಲ್ಲರೂ ಒಂದು ಕಡೆ ಕೂತು ನುಡಿಸಬೇಕಲ್ಲ. ಇವತ್ತಿನ ಶ್ರುತಿಗಿಂತ ಸರಿಯಾಗಿ ಅರ್ಧ ಕೆಳಗೆ ಇಟ್ಟುಕೊಂಡರೆ ಹೀಗೆ ಸರಿಸಿ ಎರಡೂ ಕಡೆ ನಡೆಸಬಹುದು.”

ನನಗೆ ಮೈ ಜುಮ್ಮೆಂದಿತು. ಆ ಮೇಲಕ್ಕೂ ಈ ಕೆಳಕ್ಕೂ ನಡುವೆ ಯಾರಿಗೂ ತೀರಾ ನಷ್ಟವಾಗದ ಒಂದು ಜಾಗ ಹಿಡಿದು ಎಲ್ಲರೂ ಹೂಂ ಎಂದಿದ್ದಾರೆ. ಇದು ಸಂಗೀತವಲ್ಲ, ಶುದ್ಧ ಸಂತೆ! ಅತ್ತೆಗೆ ಮಾತ್ರ ಹಿಡಿಸಲಿಲ್ಲ. “ಶ್ರುತಿಗೂ ಒಂದು ನಿಯತ್ತು ಬೇಡ್ವೇನೇ ಇವರಿಗೆ?” ಎಂದರು.

ಹೊರಡುವ ಮುಂಚೆ ಕ್ಯಾರೊಲ್ ಎರಡು ಎಚ್ಚರಿಕೆ ಹೇಳಿದಳು. ಒಂದು, ತಂತಿಯ ಸದ್ದು ಅಡಗಿಸಲು ಪ್ರತಿಯೊಂದಕ್ಕೂ ಸಣ್ಣ ಬಟ್ಟೆಯ ಚೂರು ಇರುತ್ತದೆ. ಒಂದು ತಂತಿಯದು ಸವೆದಿದೆ, ಅದರ ಸ್ವರದಲ್ಲಿ ಹತ್ತಿರದಲ್ಲಿ ಯಾರಾದರೂ ದನಿ ಮಾಡಿದರೆ ಅದು ತಾನಾಗಿ ಗುನುಗುತ್ತದೆ. ಗುನುಗುವ ಆ ತಂತಿ ನಮ್ಮ ಲೆಕ್ಕದಲ್ಲಿ ಐದೂವರೆ ಮನೆ. ಇನ್ನೊಂದು ಎಚ್ಚರಿಕೆ ತೋಳದ್ದು.

“ತೋಳ?”

“ಹಳೇಕಾಲದ ಶ್ರುತಿಯಲ್ಲಿ ಎಲ್ಲ ಸ್ವರಜೋಡಿಗಳನ್ನೂ ಇಂಪಾಗಿ ಇಡೋಕೆ ಆಗಲ್ಲ. ಕೊನೆಗೆ ಒಂದಿಷ್ಟು ಅಪಸ್ವರ ಉಳಿದೇ ಉಳಿಯುತ್ತೆ. ಅದನ್ನೆಲ್ಲ ಯಾರೂ ಬಳಸದ ಒಂದು ಜೋಡಿಗೆ ತಳ್ಳಿಬಿಡ್ತಾರೆ. ಆ ಜೋಡಿ ಒತ್ತಿದರೆ ಊಳಿಡುತ್ತೆ. ಅದಕ್ಕೇ ತೋಳ ಅಂತೀವಿ. ಐರೀನ್ ಅದನ್ನು ದೂರದ ಮೂಲೆಯಲ್ಲಿ ಕಟ್ಟಿಹಾಕಿದ್ದಳು. ಈಗ ನಾವು ಸರಿಸಿದೆವಲ್ಲ, ಅದೂ ಜಾಗ ಬಿಟ್ಟಿದೆ.”

ಇದನ್ನೂ ಬರೆದಿಟ್ಟುಕೊಳ್ಳಿ: ಎಲ್ಲ ವ್ಯವಹಾರದಲ್ಲೂ ಒಂದು ತೋಳ ಇರುತ್ತದೆ. ಎಲ್ಲಿ ಕಟ್ಟಿದ್ದಾರೆ ಎಂದು ಮೊದಲು ಕೇಳಬೇಕು, ಆಮೇಲೆ ಕೈ ಕುಲುಕಬೇಕು. ಆಕೆ ಐರೀನ್ ಎಂದಿದ್ದು ನನಗೆ ಹೊಳೆದದ್ದು ಆಕೆಯ ಕಾರು ತಿರುವು ದಾಟಿದ ಮೇಲೆ. ನಾನು ಆ ಹೆಸರು ಹೇಳಿರಲಿಲ್ಲ. ಬಹುಶಃ ಹಳೆಯ ಗಿರಾಕಿ ಇರಬೇಕು, ಅಷ್ಟೇ. ಮೇಜಿನ ಮೇಲೆ ಚಕ್ಕುಲಿಯ ಬದಲಿಗೆ ಶ್ರುತಿಕವೆ ಇಟ್ಟುಹೋಗಿದ್ದಳು.

ಮೇಘಾ ಡೇಕೇರಿನಿಂದ ಬಂದವಳೇ ನಡುವಿನ ಎರಡು ಮನೆಗಳನ್ನು ಒಟ್ಟಿಗೆ ಒತ್ತಿದಳು. ಮನೆಯೊಳಗೆ ಏನೋ ಊಳಿಟ್ಟಿತು. ಹಲ್ಲಿನ ಬೇರಿಗೆ ತಾಗುವಂಥ, ಅಲೆ ಅಲೆಯಾಗಿ ಬಡಿದುಕೊಳ್ಳುವ ದನಿ. “ಅಮ್ಮಾ, ಇಟ್ಸ್ ಕ್ರೈಯಿಂಗ್,” ಎಂದು ಮಗು ನನ್ನ ಕಾಲು ತಬ್ಬಿತು. ಮೂಲೆಯಲ್ಲಿದ್ದ ತೋಳ ನಡುಮನೆಗೆ ಬಂದು ಕೂತಿತ್ತು.

ಗುನುಗೂ ನಿಲ್ಲಲಿಲ್ಲ. ತಂತಿ ಅದೇ ತಂತಿಯಲ್ಲವೇ, ಸರಿದದ್ದು ಮನೆಗಳು ಮಾತ್ರ.

“ಆಕೆಗೆ ಬೇಜಾರಾಗಿದೆ,” ಎಂದರು ಅತ್ತೆ, ಬೀನ್ಸಿನ ನಾರು ತೆಗೆಯುತ್ತ.

“ಯಾರಿಗೆ?”

“ಆಕೆಗೆ. ಎಲ್ಲಿದ್ದದ್ದನ್ನ ಅಲ್ಲೇ ಇಡು.”

ನಾನು ಹೆಂಗಸಿನ ವಿಷಯವನ್ನೇ ಎತ್ತಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಲಿಲ್ಲ. ಕೇಳಿದರೆ ನಾನೂ ಕೆಲವು ಉತ್ತರ ಕೊಡಬೇಕಾಗುತ್ತಿತ್ತು. ಕೈ ತೊಳೆದು ಬಂದು, ಮರದ ತುಂಡು ತೆಗೆದು, ಮನೆಗಳನ್ನು ಹಿಂದಕ್ಕೆ ಸರಿಸಿದೆ. ನಂಬಿಕೆಯಿಂದಲ್ಲ, ತೋಳದ ಕಾಟಕ್ಕೆ.

ಹೀಗೆ ಸರಿಸಿ ತಿರುಗಿದಾಗ ಗುನುಗು ಮತ್ತೆ ಬಂತು. ಈ ಸಲ ನಾನು ಹಾರ್ಪ್ಸಿಕಾರ್ಡನ್ನು ನೋಡದೆ ಅದರ ಪಕ್ಕದ್ದನ್ನು ನೋಡಿದೆ. ಅತ್ತೆಯ ಕತ್ತಿನಲ್ಲಿ, ಆಪರೇಷನ್ನಿನ ಗೆರೆಯ ಕೆಳಗೆ, ಚರ್ಮ ಸಣ್ಣಗೆ ಅದುರುತ್ತಿತ್ತು. ತುಟಿ ಮುಚ್ಚಿತ್ತು. ಕಣ್ಣು ಬೀನ್ಸಿನ ಮೇಲಿತ್ತು. ತಮಗೇ ತಿಳಿಯದೆ ಗುನುಗುತ್ತಿದ್ದರು; ಆರಕ್ಕಲ್ಲ, ಐದೂವರೆಗೆ. ಹೊಸ ಗಂಟಲು ತನ್ನ ಜಾಗವನ್ನು ತಾನೇ ಹುಡುಕಿಕೊಂಡಿತ್ತು, ಯಜಮಾನಿಗೆ ಹೇಳಿರಲಿಲ್ಲ. ಸವೆದ ತಂತಿ ಅದನ್ನು ಹಿಡಿದು ಊರಿಗೆಲ್ಲ ಸಾರುತ್ತಿತ್ತು.

“ಅತ್ತೆ, ಅದು ನೀವೇ!” ಎಂದೆ. ಬಾಯಿ ತಡೆಯಲಿಲ್ಲ.

“ಹೋಗೇ, ಹುಚ್ಚಿ. ನಾನು ಬಾಯೇ ಬಿಟ್ಟಿಲ್ಲ.” ಗುನುಗು ನಿಂತಿತು. ಅತ್ತೆಯ ಕೈಯೂ ನಿಂತಿತು. ತುಂಬ ಹೊತ್ತು ಕತ್ತಿನ ಗೆರೆಯನ್ನು ಬೆರಳಿನಿಂದ ಸವರುತ್ತ ಕೂತರು. “ಬಿಟ್ಟಿಲ್ಲ ನಾನು,” ಎಂದರು ಮತ್ತೆ, ಈ ಸಲ ನನಗಲ್ಲ.

ಆಹಾ, ಗುಟ್ಟು ಒಡೆಯಿತು ಎಂದು ನಾನು ಬೀಗಿದೆ. ಅದು ಉಳಿದದ್ದು ಭಾನುವಾರದವರೆಗೆ. ಅತ್ತೆ, ಮೇಘಾ, ನಾನು ಗ್ರೋಸರಿಗೆ ಹೋಗಿ ಬಂದರೆ ನಮ್ಮವರು ಸ್ಪೀಕರ್ ಫೋನಿನ ಮುಂದೆ ಪೆಚ್ಚಾಗಿ ಕೂತಿದ್ದರು.

“ಯಾಕ್ರೀ, ಸರ್ವರ್ ಬಿದ್ದುಹೋಯ್ತಾ?”

“ಇಲ್ಲ ಮಾರಾಯ್ತಿ. ಕಾಲ್ ಮಧ್ಯೆ ಆ ಕಡೆಯವನು, ‘ನಿಮ್ಮ ಮನೇಲಿ ಯಾರೋ ಚೆನ್ನಾಗಿ ಹಮ್ ಮಾಡ್ತಿದ್ದಾರೆ, ಸ್ವಲ್ಪ ನಿಲ್ಸೋಕೆ ಹೇಳ್ತೀರಾ’ ಅಂದ. ಮನೇಲಿ ನಾನೊಬ್ಬನೇ ಇದ್ದೆ.”

“ಅವನ ಮಾತೇ ಆ ಶ್ರುತಿಗೆ ತಾಗಿರಬೇಕು,” ಎಂದೆ ನಾನು.

“ಅವನು ಮಾತು ನಿಲ್ಲಿಸಿದ ಮೇಲೂ ಇತ್ತು ಕಣೇ.”

ಅತ್ತೆ ಚಪ್ಪಲಿ ಬಿಟ್ಟು, ನಡುಮನೆಗೆ ಹೋಗಿ, ಹಾರ್ಪ್ಸಿಕಾರ್ಡಿನ ಮೇಲೆ ಯಾರೋ ಇಟ್ಟಿದ್ದ ಪೇಪರು ಕಟ್ಟನ್ನು ತೆಗೆದು ಕೆಳಗಿಟ್ಟರು. ಆಮೇಲೆ ಸೆರಗಿನ ತುದಿಯಿಂದ ಅದರ ಧೂಳು ಒರೆಸಿದರು.

“ಪಾಪ, ಒಬ್ಬಳೇ ಶ್ರುತಿ ಹಿಡಕೊಂಡು ಕೂತಿದಾಳೆ,” ಎಂದರು. “ಜೊತೇಲಿ ಯಾರೂ ಇಲ್ಲ. ಎಷ್ಟು ಮನೆ ಅಂದ್ಯೇ ಆಕೇದು?”

“ಐದೂವರೆ.”

“ಹೂಂ.” ಧೂಳಾದ ಸೆರಗನ್ನು ಕೊಡವುತ್ತ, “ನಾವು ಪಕ್ಕದಲ್ಲಿ ಕೂತಾಗ ಮುಖ್ಯ ಗಾಯಕರ ಶ್ರುತಿಗೆ ನಾವೇ ಹೋಗಬೇಕು. ಪಿಟೀಲಿನವರು ಇಳಿಸಿಕೊಳ್ಳಲ್ವಾ? ಅದರಲ್ಲಿ ಚಿಕ್ಕೋರಾಗೋದು ಏನಿಲ್ಲ. ಅದು ಮರ್ಯಾದೆ.”

ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಒಂದನ್ನೂ ಆಡಲಿಲ್ಲ. ಎದುರಿನವರು ತಾವಾಗಿ ಇಳಿಯುತ್ತಿರುವಾಗ ನಡುವೆ ಬಾಯಿ ಹಾಕಿದವರು ಉದ್ಧಾರವಾದದ್ದಿಲ್ಲ.

ಮಾರನೆಯ ಬೆಳಗ್ಗೆ ಮೇಘಾಳನ್ನು ಡೇಕೇರಿಗೆ ಬಿಟ್ಟು, ಹಾಲು ಕೊಂಡು ಬಂದೆ. ಬಾಗಿಲ ಬೀಗ ತೆಗೆಯುವ ಮೊದಲೇ ಕೇಳಿಸಿತು. ಆನಂದಭೈರವಿ. ದನಿ ಹಳೆಯದಲ್ಲ, ಅಂಚು ಸವೆದದ್ದು, ಕೊಂಚ ಕಂದು ಬಣ್ಣದ್ದು; ಆದರೆ ಎಲ್ಲೂ ಹರಿಯುತ್ತಿರಲಿಲ್ಲ. ಅದರ ಅಡಿಯಲ್ಲಿ ಇನ್ನೊಂದು ದನಿ ಇತ್ತು. ಮೆಲ್ಲಗೆ ಬಾಗಿಲು ತಳ್ಳಿದೆ. ಶ್ರುತಿಪೆಟ್ಟಿಗೆ ಮುಚ್ಚಿಕೊಂಡು ಮೂಲೆಯಲ್ಲಿತ್ತು. ಅತ್ತೆ ಹಾರ್ಪ್ಸಿಕಾರ್ಡಿನ ಪಕ್ಕದಲ್ಲಿ, ಕೊಂಚ ಹಿಂದಕ್ಕೆ, ಕಚೇರಿಯಲ್ಲಿ ಜೊತೆಗೆ ಹಾಡುವವರು ಕೂರುವ ಜಾಗದಲ್ಲಿ ಕೂತಿದ್ದರು. ಅವರ ಎದುರಿಗಿನ ಚಾಪೆ ಖಾಲಿಯಿತ್ತು. ಆ ಚಾಪೆಯನ್ನು ಅವರೇ ಹಾಸಿದ್ದಿರಬೇಕು.

ಷಡ್ಜಕ್ಕೆ ಬಂದು ನಿಂತು, ಉಸಿರು ತೀರುವವರೆಗೆ ಹಿಡಿದು, ಅತ್ತೆ ಹಾಡು ಮುಗಿಸಿದರು. ನನಗೆ ಕಣ್ಣು ತುಂಬಿ ಬಂದಿತ್ತು. ‘ಅತ್ತೆ’ ಎನ್ನಲು ಬಾಯಿ ತೆರೆದೆ.

ಅವರು ತಿರುಗದೆಯೇ ಕೈ ಎತ್ತಿ ನನ್ನನ್ನು ತಡೆದರು.

“ತಾಳೇ,” ಎಂದರು ಪಿಸುದನಿಯಲ್ಲಿ. “ಆಕೆ ಇನ್ನೂ ಮುಗಿಸಿಲ್ಲ.”